ಅಲೆಕ್ಸಾಂಡರ್-ಸ್ಮೋಲ್ಟ್ಜ್ ವಿನಿಮಯ: ಡೆಟ್ರಾಯಿಟ್‌ಗೆ ಲಾಭವೋ, ನಷ್ಟವೋ?

ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವವನು ಪಿಚರ್. ಕ್ರಿಕೆಟ್‌ನ ಬೌಲರ್ ಇದ್ದಂತೆ. ಅಮೆರಿಕದ ತಂಡಗಳು ಆಟಗಾರರನ್ನು ಪರಸ್ಪರ ಬದಲಾಯಿಸಿಕೊಳ್ಳುವುದು ವಾಡಿಕೆ. ಅಂಥ ವಿನಿಮಯಗಳಲ್ಲಿ ಇಂದಿಗೂ ವಾದಕ್ಕೆ ಎಡೆಯಾಗಿರುವುದು 1987ರ ಆಗಸ್ಟ್ 12ರದ್ದು.

ಅಂದು ಡೆಟ್ರಾಯಿಟ್ ಟೈಗರ್ಸ್ ತಂಡವು ಅಟ್ಲಾಂಟಾ ಬ್ರೇವ್ಸ್‌ನಿಂದ 36 ವರ್ಷದ ಅನುಭವಿ ಡಾಯ್ಲ್ ಅಲೆಕ್ಸಾಂಡರ್ ಅವರನ್ನು ಪಡೆಯಿತು. ಬದಲಿಗೆ ಕೆಳಹಂತದ ಲೀಗ್‌ನಲ್ಲಿ ಆಡುತ್ತಿದ್ದ 20 ವರ್ಷದ ಜಾನ್ ಸ್ಮೋಲ್ಟ್ಜ್ ಅವರನ್ನು ಬಿಟ್ಟುಕೊಟ್ಟಿತು.

ಅಲೆಕ್ಸಾಂಡರ್ ಆ ಋತುವಿನಲ್ಲಿ 11 ಪಂದ್ಯಗಳಲ್ಲಿ ಚೆಂಡೆಸೆದು 9 ಗೆಲುವು ಪಡೆದರು, ಒಮ್ಮೆಯೂ ಸೋಲಲಿಲ್ಲ. ಟೈಗರ್ಸ್ ಟೊರಾಂಟೊ ತಂಡವನ್ನು ಕೇವಲ 2 ಪಂದ್ಯಗಳ ಅಂತರದಿಂದ ಹಿಂದಿಕ್ಕಿ ವಿಭಾಗದ ಅಗ್ರಸ್ಥಾನ ಗಳಿಸಿತು. ಆದರೆ ಮುಂದಿನ ಸುತ್ತಿನಲ್ಲಿ ಮಿನೆಸೋಟಕ್ಕೆ 4-1ರಿಂದ ಸೋತಿತು. 1989ರ ನಂತರ ಅಲೆಕ್ಸಾಂಡರ್ ನಿವೃತ್ತರಾದರು.

ಇತ್ತ ಸ್ಮೋಲ್ಟ್ಜ್ 213 ಗೆಲುವು, 154 ಸೇವ್ ಗಳಿಸಿದರು. 1995ರಲ್ಲಿ ಅಟ್ಲಾಂಟಾ ವಿಶ್ವ ಸರಣಿ ಗೆದ್ದಾಗ ತಂಡದಲ್ಲಿದ್ದರು. 1996ರಲ್ಲಿ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ, 2015ರಲ್ಲಿ ಹಾಲ್ ಆಫ್ ಫೇಮ್ ಗೌರವ ಒಲಿದವು. ಡೆಟ್ರಾಯಿಟ್ ಮತ್ತೆ ನಾಕೌಟ್ ಹಂತ ಕಂಡದ್ದು 2006ರಲ್ಲಿ!

ಬಿತ್ತನೆಬೀಜವನ್ನೇ ಉಂಡರೆಂದು ಟೀಕಿಸುವವರಿದ್ದಾರೆ. ಆದರೆ ಅಂದು ಬೇಕಿದ್ದುದು ಆ ವರ್ಷದ ಗೆಲುವು. ಅಲೆಕ್ಸಾಂಡರ್ ಅದನ್ನು ಕೊಟ್ಟರು. ನಿರ್ಧಾರ ತಪ್ಪಲ್ಲ, ತೆತ್ತ ಬೆಲೆ ಮಾತ್ರ ದುಬಾರಿ.