ಓಡತೊಡಗಿದ ಚಿತ್ರದ ಕುದುರೆ

ನಟನನ್ನು ಕಂಡಾಗ 'ಈತನೇ ರಾಮ' ಎಂಬ ಪ್ರತೀತಿ ಪ್ರೇಕ್ಷಕನಿಗೆ ಹೇಗೆ ಉಂಟಾಗುತ್ತದೆ? ಶ್ರೀಶಂಕುಕನು ಇದಕ್ಕೆ ಚಿತ್ರದ ಕುದುರೆಯ ದೃಷ್ಟಾಂತ ಕೊಟ್ಟ. ಗೋಡೆಯ ಮೇಲೆ ಬರೆದುದನ್ನು ನಾವು ಕುದುರೆಯೆಂದೇ ಕರೆಯುತ್ತೇವೆ. ಅದರ ಬೆನ್ನೇರಲು ಮಾತ್ರ ಹೋಗುವುದಿಲ್ಲ. ಆ ಕುದುರೆಯೇ ಗೋಡೆಯಿಂದಿಳಿದು ಓಡಿದ ಒಂದು ಪ್ರಸಂಗ ಅಮೆರಿಕದಲ್ಲಿ ನಡೆದದ್ದುಂಟು.

1965ರಲ್ಲಿ ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಷ್ನೈಡರ್ ಎಂಬ ನಿರ್ಮಾಪಕರು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಬೀಟಲ್ಸ್ ತಂಡದ ಚಲನಚಿತ್ರಗಳನ್ನು ಹೋಲುವ ದೂರದರ್ಶನ ಹಾಸ್ಯಮಾಲೆಯೊಂದರಲ್ಲಿ ಅಭಿನಯಿಸಲು ಅವರಿಗೆ ನಾಲ್ವರು ತರುಣರು ಬೇಕಾಗಿದ್ದರು. ಡೇವಿ ಜೋನ್ಸ್, ಮಿಕಿ ಡೋಲೆಂಜ್, ಮೈಕೇಲ್ ನೆಸ್ಮಿತ್, ಪೀಟರ್ ಟಾರ್ಕ್ ಆಯ್ಕೆಯಾದರು. ತಂಡಕ್ಕೆ 'ದಿ ಮಂಕೀಸ್' ಎಂದು ಹೆಸರಾಯಿತು. ಕಥೆಯಲ್ಲಿ ಇವರು ಅವಕಾಶಕ್ಕಾಗಿ ಅಲೆಯುವ, ಕೈಯಲ್ಲಿ ಕಾಸಿಲ್ಲದ ಗಾಯಕರು. ಆದರೆ 1966ರ ಸೆಪ್ಟೆಂಬರ್ 12ರಂದು ಮಾಲೆ ಮೊದಲಾಗಿ, ಆ ವರ್ಷ ಮುಗಿಯುವುದರೊಳಗೆ ಇವರ ಎರಡು ಹಾಡುಗಳು 'ಬಿಲ್‌ಬೋರ್ಡ್' ಪತ್ರಿಕೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದವು.

ಕಂಠ ಇವರದೇ, ವಾದ್ಯ ಬಹುಮಟ್ಟಿಗೆ ಪರರದು. ಹಾಡುಗಳನ್ನು ಆರಿಸುತ್ತಿದ್ದವರು ಸಂಗೀತದ ಮೇಲ್ವಿಚಾರಕ ಡಾನ್ ಕಿರ್ಷ್ನರ್. ಇದು ತಿಳಿದಾಗ ಟೀಕಾಕಾರರು 'ನಕಲಿ' ಎಂದು ಹಳಿದರು. ವೇಷ ತೊಟ್ಟವನನ್ನು ವೇಷಧಾರಿಯೆಂದು ಹಳಿಯುವುದು ನ್ಯಾಯವೆ? ಆದರೆ ಆ ಮಾತು ಟೀಕಾಕಾರರಿಗಿಂತ ಹೆಚ್ಚಾಗಿ ಕಲಾವಿದರನ್ನೇ ಚುಚ್ಚುತ್ತಿತ್ತು. ನೆಸ್ಮಿತ್ ಸ್ವತಃ ಗೀತರಚನಕಾರ. ಟಾರ್ಕ್ ಹಲವು ವಾದ್ಯಗಳನ್ನು ಬಲ್ಲವರು. ಡೋಲೆಂಜ್ ಮಾತ್ರ ಪಾತ್ರಕ್ಕಾಗಿಯೇ ಡ್ರಮ್ ಕಲಿತು, ಅನಂತರ ಸಾವಿರಾರು ಜನರೆದುರು ನುಡಿಸಿದರು. 1967ರ ಆರಂಭದಲ್ಲಿ ನಾಲ್ವರೂ ತಮ್ಮ ಸಂಗೀತದ ಮೇಲಿನ ಅಧಿಕಾರ ತಮಗೇ ಬೇಕೆಂದು ಪಟ್ಟುಹಿಡಿದರು, ಕಿರ್ಷ್ನರ್ ನಿರ್ಗಮಿಸಬೇಕಾಯಿತು. ಬಹುಪಾಲು ತಾವೇ ನುಡಿಸಿದ 'ಹೆಡ್‌ಕ್ವಾರ್ಟರ್ಸ್' ಧ್ವನಿಮುದ್ರಿಕೆ ಅದೇ ವರ್ಷ ಅಗ್ರಸ್ಥಾನ ಪಡೆಯಿತು. ಮರುವಾರವೇ ಅದನ್ನು ಕೆಳಗಿಳಿಸಿದವರು ಬೀಟಲ್ಸ್.

ಕಿರ್ಷ್ನರ್ ಮುಂದೆ 'ದಿ ಆರ್ಚೀಸ್' ತಂಡದ ಸಂಗೀತದ ಹೊಣೆ ಹೊತ್ತರು. ಅದರ ಸದಸ್ಯರೆಲ್ಲ ವ್ಯಂಗ್ಯಚಿತ್ರದ ಗೊಂಬೆಗಳು. ಎದುರಾಡುವ ಪ್ರಶ್ನೆಯೇ ಇಲ್ಲ. ರಾನ್ ಡಾಂಟೆ ಮೊದಲಾದವರ ಕಂಠದಲ್ಲಿ ಆ ಗೊಂಬೆಗಳು ಹಾಡಿದ 'ಷುಗರ್, ಷುಗರ್' 1969ರಲ್ಲಿ ನಾಲ್ಕು ವಾರ ಅಗ್ರಸ್ಥಾನದಲ್ಲಿತ್ತು.

ಹಾಗಾದರೆ ಮಾರುಕಟ್ಟೆಗೆ ಹಾಡುವವನ ನಿಜ ಬೇಕಿಲ್ಲವೆಂದಾಯಿತು. ಅದು ಬೇಕಾದದ್ದು ಹಾಡುವವನಿಗೆ. ದೂರದರ್ಶನದ ಮಾಲೆ 1968ರಲ್ಲೇ ನಿಂತಿತು. ಆದರೂ ನೆಸ್ಮಿತ್ 2021ರ ನವೆಂಬರಿನಲ್ಲಿ, ತೀರಿಕೊಳ್ಳುವ ಕೆಲವೇ ವಾರಗಳ ಮೊದಲು, ಡೋಲೆಂಜ್ ಜೊತೆ ವೇದಿಕೆಯೇರಿ ಆ ಹಾಡುಗಳನ್ನು ಹಾಡಿದರು. ಆ ವೇಳೆಗೆ ಅವರನ್ನು ಅಸಲಿಯೋ ನಕಲಿಯೋ ಎಂದು ಕೇಳುವ ಅಗತ್ಯ ಯಾರಿಗೂ ಉಳಿದಿರಲಿಲ್ಲವೆಂದು ನನ್ನ ಭಾವನೆ.