ಕಾಗೋಡಿನ ಕೊಳಗ ಮತ್ತು ಕೆಲಸದ ಜಾಗದ ಅವಮಾನ

ನಮ್ಮ ಹೊನ್ನೆಮರಡು, ತಾಳಗುಪ್ಪ ಕಡೆಯ ಹುಡುಗ ಹುಡುಗಿಯರು ಈಗ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೋ ಸಾಗರದ ಅಂಗಡಿಯಲ್ಲೋ ದುಡಿಯುತ್ತಾರೆ. ಹಬ್ಬಕ್ಕೆ ಬಂದವರನ್ನು ಮಾತಾಡಿಸಿ ನೋಡಿ. ಸಂಬಳಕ್ಕಿಂತ ಮೊದಲು ಬೇರೆ ಮಾತು ಬರುತ್ತದೆ: ‘ಎಲ್ಲರ ಎದುರು ಬೈತಾರೆ’, ‘ಹೆಸರಿಲ್ಲ, ಏಯ್ ಅಂತಾರೆ’, ‘ಭಾನುವಾರ ಸಂಜೆ ಆಯ್ತು ಅಂದ್ರೆ ಎದೆ ಹೊಡ್ಕೊಳ್ಳತ್ತೆ’. ಮನೆಯ ಹಿರಿಯರು ಹೇಳುವುದು ಒಂದೇ, ‘ಕೆಲಸ ಅಂದಮೇಲೆ ಅದೆಲ್ಲ ಇದ್ದಿದ್ದೇ, ತಲೆ ತಗ್ಗಿಸಿಕೊಂಡಿರು.’

ತಲೆ ತಗ್ಗಿಸಿಕೊಂಡಿರಲು ಆಗುವುದಿಲ್ಲ ಎಂದು ದೇಶಕ್ಕೇ ಕೇಳುವಂತೆ ಹೇಳಿದ ಊರು ಇರುವುದು ಇದೇ ಸಾಗರ ತಾಲ್ಲೂಕಿನಲ್ಲಿ. ಅದು ಕಾಗೋಡು.

ಆಗಿನ್ನೂ ಹೊನ್ನೆಮರಡಿನಲ್ಲಿ ಈ ಹಿನ್ನೀರು ಇರಲಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಈ ಕಥೆ ಅದಕ್ಕೂ ಹಿಂದಿನದು. ಆ ಕಾಲದವರಿಗೆ ಕೆಲಸದ ಜಾಗ ಎಂದರೆ ಗದ್ದೆ, ಕಣ ಮತ್ತು ಒಡೆಯರ ಮನೆಯ ಅಂಗಳ. ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಗೇಣಿ ಕೊಟ್ಟರೆ ಮುಗಿಯಲಿಲ್ಲ, ಒಡೆಯರ ಮನೆಯಲ್ಲಿ ಬಿಟ್ಟಿ ಚಾಕರಿಯೂ ಆಗಬೇಕು. ಪಂಚೆಯನ್ನು ಮೊಣಕಾಲಿನಿಂದ ಕೆಳಗೆ ಇಳಿಬಿಟ್ಟು ಉಡುವಂತಿಲ್ಲ.

ಗೇಣಿ ಭತ್ತ ಅಳೆಯುವ ಕೊಳಗವೂ ಒಡೆಯರದ್ದೇ, ಅದೂ ಇರಬೇಕಾದ್ದಕ್ಕಿಂತ ದೊಡ್ಡದು. ಒಂದು ಕೊಳಗದಲ್ಲಿ ಹೋಗುವುದು ಸ್ವಲ್ಪವೇ. ಆದರೆ ಇಡೀ ಗೇಣಿ ಅಳೆದು ಮುಗಿಯುವಷ್ಟರಲ್ಲಿ ಮನೆಯ ಊಟದ ಅಕ್ಕಿಗೇ ಕೈ ಬಿದ್ದಿರುತ್ತದೆ. ವರ್ಷವಿಡೀ ದುಡಿದವನು ಇದನ್ನು ಕಣ್ಣಾರೆ ಕಾಣುತ್ತಾ ಪಕ್ಕದಲ್ಲೇ ನಿಂತಿರಬೇಕು, ಬಾಯಿ ತೆರೆಯುವಂತಿಲ್ಲ. ನನಗನ್ನಿಸುವುದು, ಹೋದ ಭತ್ತಕ್ಕಿಂತ ಹಾಗೆ ಸುಮ್ಮನೆ ನಿಂತದ್ದೇ ಹೆಚ್ಚು ಸುಟ್ಟಿರಬೇಕು.

1948ರಲ್ಲಿ ಎಚ್. ಗಣಪತಿಯಪ್ಪನವರು ಸಾಗರ ತಾಲ್ಲೂಕು ರೈತ ಸಂಘ ಕಟ್ಟಿದರು. ಸರಿಯಾದ ಕೊಳಗ ಬೇಕು, ಬಿಟ್ಟಿ ಚಾಕರಿ ನಿಲ್ಲಬೇಕು ಎಂದು ಸಂಘ ಕೇಳಿತು. ಸಂಘದಿಂದ ಆದ ಇನ್ನೊಂದು ಉಪಕಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಬ್ಬನೇ ಬೈಸಿಕೊಂಡವನಿಗೆ ‘ನನ್ನದೇ ತಪ್ಪಿರಬಹುದು’ ಅನ್ನಿಸುತ್ತದೆ. ಹತ್ತು ಮನೆಯವರು ಕೂತು ಅದನ್ನೇ ಹೇಳಿದಾಗ ತಪ್ಪು ಯಾರದ್ದು ಎಂದು ಗೊತ್ತಾಗುತ್ತದೆ.

ಇತ್ತ ಒಡೆಯರು ಉಳಲು ಗದ್ದೆ ಕೊಡಲಿಲ್ಲ. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹಿಡಿದು ತಾವು ಉಳುತ್ತಿದ್ದ ಗದ್ದೆಗೇ ಇಳಿದರು. ಪೊಲೀಸರು ಹಿಡಿದೊಯ್ದರು. ಮತ್ತೊಂದು ತಂಡ ಇಳಿಯಿತು, ಅವರನ್ನೂ ಹಿಡಿದರು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಬಂದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಗೋಪಾಲಗೌಡರು ಗೆದ್ದು ಶಾಸಕರಾದರು.

ಗೇಣಿದಾರರು ಕೂಡಲೇ ಗೆದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ‘ಉಳುವವನೇ ಹೊಲದೊಡೆಯ’ ಕಾನೂನಾಗಿ ಬರಲು ದೇವರಾಜ ಅರಸರ ಕಾಲದವರೆಗೆ, 1974ರವರೆಗೆ ಕಾಯಬೇಕಾಯಿತು. ಹಾಗಾಗಿ ಪುಸ್ತಕಗಳು ಕಾಗೋಡನ್ನು ಭೂಮಿಯ ಹೋರಾಟ ಎಂದೇ ಬರೆಯುತ್ತವೆ. ಅದು ನಿಜವೇ. ಆದರೆ ಜಗಳ ಹುಟ್ಟಿದ್ದು ಕಣದಲ್ಲಿ, ಒಂದು ಅಳತೆಯ ಪಾತ್ರೆ ಮತ್ತು ಮನುಷ್ಯರನ್ನು ನಡೆಸಿಕೊಂಡ ರೀತಿಯಿಂದ.

ಕೆಲಸದ ಜಾಗದಲ್ಲಿ ಮನಸ್ಸಿಗೆ ಆಗುವ ಗಾಯವೂ ಹಿಂಸೆಯೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಪ್ಪಂದದಲ್ಲಿ ಬರೆದದ್ದು 2019ರಲ್ಲಿ. ಅದರ ಸಂಖ್ಯೆ 190. ಭಾರತ ಇನ್ನೂ ಅದಕ್ಕೆ ಸೇರಿಲ್ಲ. ಈಗ ನಿಮ್ಮ ಮನೆಯ ಹುಡುಗಿಗೆ ಕೆಲಸದ ಹೆದರಿಕೆಯಿಂದ ನಿದ್ದೆ ಬರುತ್ತಿಲ್ಲವಾದರೆ 14416ಕ್ಕೆ ಫೋನ್ ಮಾಡಲಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಾಗೇ ನಿಮ್ಮ ಅಟ್ಟದ ಮೇಲೆ ಹಳೇ ಕೊಳಗ ಇದ್ದರೆ ಕೆಳಗಿಳಿಸಿ. ಎಷ್ಟು ಸೇರು ಹಿಡಿಯುತ್ತದೆ ಅಳೆದು ನೋಡಿ. ಅದು ಯಾರ ಕಣದಲ್ಲಿತ್ತು, ಪಕ್ಕದಲ್ಲಿ ನಿಂತಿದ್ದವರು ಯಾರು ಎಂದು ಅಜ್ಜನನ್ನೋ ಅಜ್ಜಿಯನ್ನೋ ಕೇಳಿ ನಮಗೆ ಬರೆದು ಕಳಿಸಿ.