ಗೆರೆ ಮೊದಲೋ, ನೋಟ ಮೊದಲೋ

ಆರು, ಏಳನೆಯ ತರಗತಿಯ ಮಕ್ಕಳಿಗೆ ಕಟ್ಟಡ ಬರೆಯಲು ಹೇಳಿಕೊಡುವ ಕ್ರಮ ಬಹುತೇಕ ಕಡೆ ಒಂದೇ. ಹಾಳೆಯ ನಡುವೆ ಸ್ಕೇಲು ಇಟ್ಟು ದಿಗಂತ ರೇಖೆ ಎಳೆಯಬೇಕು, ಅದರ ಮೇಲೊಂದು ಚುಕ್ಕೆ ಇಡಬೇಕು, ಕೆಳಗೊಂದು ಚೌಕ ಬರೆದು ಅದರ ಮೂಲೆಗಳಿಂದ ಚುಕ್ಕೆಗೆ ಗೆರೆ ಕೂಡಿಸಬೇಕು, ಬೇಕಾದಲ್ಲಿ ಕತ್ತರಿಸಿಕೊಳ್ಳಬೇಕು. ಪೆಟ್ಟಿಗೆಯಂಥ ಮನೆ ಸಿದ್ಧವಾಗುತ್ತದೆ. ಅಷ್ಟರೊಳಗೆ ತರಗತಿಯ ಕಿಟಕಿಯಾಚೆ ನಿಂತಿರುವ ನಿಜವಾದ ಕಟ್ಟಡವನ್ನು ಯಾರೂ ನೋಡಿರುವುದಿಲ್ಲ. ಇದಕ್ಕೆ ಡ್ರಾಯಿಂಗ್ ಮೇಷ್ಟ್ರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ನಿಯಮ ಮೊದಲು, ನೋಟ ಆಮೇಲೆ ಎಂಬ ಈ ಕ್ರಮವನ್ನು 19ನೆಯ ಶತಮಾನದ ಒಂದು ಸರ್ಕಾರಿ ಇಲಾಖೆ ತನ್ನ ಅನುಕೂಲಕ್ಕೆ ರೂಪಿಸಿಕೊಂಡಿತು. ದೂರ ಹೋದಂತೆ ಚಿಕ್ಕದಾಗಿ ಕಾಣುವುದನ್ನು ಹಾಗೆಯೇ ಬರೆಯುವ ಈ ವಿದ್ಯೆ, ಅಂದರೆ ಪರ್ಸ್‌ಪೆಕ್ಟಿವ್, ಹುಟ್ಟಿದ ಬಗೆ ಅದಕ್ಕೆ ತೀರ ಉಲ್ಟಾ.

ಫ್ಲಾರೆನ್ಸಿನ ಫಿಲಿಪ್ಪೊ ಬ್ರುನೆಲೆಸ್ಕಿ 1420ಕ್ಕೆ ಮೊದಲಿನ ವರ್ಷಗಳಲ್ಲಿ ಮಾಡಿದನೆನ್ನಲಾದ ಪ್ರಯೋಗವನ್ನು ಅವನ ಜೀವನಚರಿತ್ರೆ ಬರೆದ ಮನೆಟ್ಟಿ ವಿವರವಾಗಿ ದಾಖಲಿಸಿದ್ದಾನೆ. ಊರಿನ ಕೆಥೆಡ್ರಲ್‌ನ ಬಾಗಿಲೊಳಗೆ ನಿಂತು, ಎದುರಿನ ಎಂಟು ಮೂಲೆಯ ದೀಕ್ಷಾಮಂದಿರವನ್ನು ಬ್ರುನೆಲೆಸ್ಕಿ ಪುಟ್ಟ ಹಲಗೆಯ ಮೇಲೆ ಬರೆದ. ಹಲಗೆಗೆ ಒಂದು ತೂತು ಕೊರೆದ. ಚಿತ್ರದ ಕಡೆ ಅದು ಚನ್ನಂಗಿ ಕಾಳಿನಷ್ಟು, ಹಿಂಬದಿಯಲ್ಲಿ ನಾಣ್ಯದಷ್ಟು ಅಗಲ. ನೋಡುವವನು ಹಲಗೆಯ ಹಿಂಬದಿಗೆ ಕಣ್ಣಿಟ್ಟು, ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿದು, ಅದರಲ್ಲಿ ಚಿತ್ರದ ಪ್ರತಿಬಿಂಬ ಕಾಣಬೇಕು. ಆಕಾಶ ಬರೆಯಬೇಕಾದ ಜಾಗಕ್ಕೆ ಹೊಳಪು ಕೊಟ್ಟ ಬೆಳ್ಳಿ ಹಚ್ಚಿದ್ದನಂತೆ. ನಿಜವಾದ ಮೋಡಗಳೇ ಅದರಲ್ಲಿ ಚಲಿಸುತ್ತಿದ್ದವು. ಆ ಹಲಗೆ ಈಗ ಉಳಿದಿಲ್ಲ. ಬ್ರುನೆಲೆಸ್ಕಿ ಮೊದಲೇ ಅಳತೆ ತೆಗೆದು ಲೆಕ್ಕ ಹಾಕಿ ಬರೆದಿರಬಹುದಲ್ಲ ಎಂದು ಕೇಳಬಹುದು. ಇರಲಿ. ಲೆಕ್ಕ ಹಾಕಿದ್ದರೂ ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಅವನು ಕೇಳಿದ್ದು ಎದುರಿಗಿದ್ದ ಕಟ್ಟಡವನ್ನು, ನಿಯಮದ ಪುಸ್ತಕವನ್ನಲ್ಲ. ಅಂಥ ಪುಸ್ತಕ ಬಂದದ್ದೇ ಆಮೇಲೆ, 1435ರಲ್ಲಿ ಆಲ್ಬರ್ಟಿ ಚಿತ್ರಕಲೆಯ ಮೇಲೆ ಗ್ರಂಥ ಬರೆದಾಗ. ಅದರಲ್ಲೂ ಆಲ್ಬರ್ಟಿ ಒಂದು ಉಪಾಯ ಸೂಚಿಸುತ್ತಾನೆ: ಚೌಕಟ್ಟಿಗೆ ತೆಳು ಬಟ್ಟೆ ಬಿಗಿದು, ಅದರಲ್ಲಿ ದಪ್ಪ ದಾರದ ಚೌಕುಳಿ ಮಾಡಿ, ಅದರ ಮೂಲಕ ನೋಡಿ ಬರೆಯುವುದು.

ಕ್ರಮ ತಿರುವುಮುರುವಾದದ್ದು ಲಂಡನ್ನಿನಲ್ಲಿ. ಫ್ರೆಂಚ್ ಬಟ್ಟೆ, ಪಿಂಗಾಣಿಗಳ ವಿನ್ಯಾಸದ ಮುಂದೆ ಇಂಗ್ಲೆಂಡಿನ ಸರಕು ಸೋಲುತ್ತಿದೆ ಎಂಬ ಆತಂಕದಿಂದ ಅಲ್ಲಿನ ಸರ್ಕಾರ ಡ್ರಾಯಿಂಗನ್ನು ಕೈಗಾರಿಕೆಯ ವಿಷಯವಾಗಿ ಕೈಗೆತ್ತಿಕೊಂಡಿತು. 1852ರಿಂದ ಹೆನ್ರಿ ಕೋಲ್ ಅದಕ್ಕೆಂದಿದ್ದ ಇಲಾಖೆಯ ಮುಖ್ಯಸ್ಥ, ಪಠ್ಯಕ್ರಮ ರೂಪಿಸಿದವನು ರಿಚರ್ಡ್ ರೆಡ್‌ಗ್ರೇವ್. ಒಟ್ಟು 23 ಮೆಟ್ಟಿಲುಗಳ ಆ ಕ್ರಮದ ಮೊದಲ ಮೆಟ್ಟಿಲಿನಲ್ಲೇ, ರೇಖಾಗಣಿತ ಮತ್ತು ಯಂತ್ರಗಳ ನಕ್ಷೆಯ ಜೊತೆ, ಪರ್ಸ್‌ಪೆಕ್ಟಿವ್ ಇತ್ತು. ನಿಜವಾದ ವಸ್ತುವನ್ನು ಎದುರಿಗಿಟ್ಟುಕೊಂಡು ಬರೆಯುವುದು ಅದಾದ ಮೇಲಿನ ಮಾತು. ಹೀಗೇಕೆ ಎಂಬುದಕ್ಕೆ ಉತ್ತರ ಹಣಕಾಸಿನಲ್ಲಿದೆ. ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗೂ ಶಿಕ್ಷಕರಿಗೂ ಹಣ ಕೊಡುವ ಪದ್ಧತಿ ಬೆಳೆದಿತ್ತು. ದೇಶದ ಮೂಲೆಮೂಲೆಯಿಂದ ಬಂದ ಹಾಳೆಗಳನ್ನು ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿದ್ದ ಇಲಾಖೆಯಲ್ಲಿ ಕುಳಿತು ಅಳೆಯಬೇಕಿತ್ತು. ಹುಡುಗನೊಬ್ಬ ತನ್ನೂರಿನ ಚರ್ಚನ್ನು ಸರಿಯಾಗಿ ನೋಡಿದನೋ ಇಲ್ಲವೋ ಎಂದು ಅಲ್ಲಿನ ಪರೀಕ್ಷಕನಿಗೆ ಹೇಗೆ ಗೊತ್ತಾಗಬೇಕು? ಗೆರೆಗಳು ಚುಕ್ಕೆಗೆ ಸೇರಿವೆಯೋ ಇಲ್ಲವೋ ಎಂಬುದು ಮಾತ್ರ ಸ್ಕೇಲು ಇಟ್ಟರೆ ಗೊತ್ತಾಗುತ್ತದೆ. ಕಲಾವಿಮರ್ಶಕ ಜಾನ್ ರಸ್ಕಿನ್ 1857ರಲ್ಲೇ ಇದರ ವಿರುದ್ಧ ದನಿ ಎತ್ತಿ, ದೊಡ್ಡ ಚಿತ್ರಕಾರರು ನಿಯಮ ನೆಚ್ಚದೆ ಕಣ್ಣಳತೆಯಲ್ಲೇ ಬರೆಯುತ್ತಾರೆಂದು ವಾದಿಸಿದ. ಅದೇ ಮನುಷ್ಯ ಎರಡೇ ವರ್ಷದಲ್ಲಿ ಪರ್ಸ್‌ಪೆಕ್ಟಿವ್ ನಿಯಮಗಳ ಮೇಲೊಂದು ಪುಸ್ತಕ ಬರೆದದ್ದು ಬೇರೆ ಮಾತು.

ನಮ್ಮ ಕಡೆಗೆ ಪರ್ಸ್‌ಪೆಕ್ಟಿವ್ ಶಾಲೆಗಿಂತ ಮೊದಲು ದಂಡಿನ ಜೊತೆ ಬಂತು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಹಿಂದೆ ಬಂದ ಚಿತ್ರಕಾರ ರಾಬರ್ಟ್ ಹೋಮ್, ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳ ನೋಟ ಬರೆದು 1794ರಲ್ಲಿ ಪ್ರಕಟಿಸಿದ. ಕಂಪನಿಯ ಸೇನೆಗೆ ಅಧಿಕಾರಿಗಳನ್ನು ತಯಾರಿಸಲು 1809ರಲ್ಲಿ ತೆರೆದ ಆ್ಯಡಿಸ್ಕಂಬ್ ಶಾಲೆಯಲ್ಲಿ ಡ್ರಾಯಿಂಗ್ ಪಾಠದ ವಿಷಯವಾಗಿತ್ತು. ಕೋಟೆಯ ಗೋಡೆ ಎಷ್ಟು ಎತ್ತರ, ಏರು ಎಲ್ಲಿದೆ ಎಂದು ಬರೆದು ತೋರಿಸುವುದು ಸಿಪಾಯಿ ವಿದ್ಯೆಯ ಭಾಗ. ಮದರಾಸಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ ಆರಂಭಿಸಿದ ಕಲಾಶಾಲೆ, 1857ರ ಮುಂಬಯಿಯ ಜೆ.ಜೆ. ಶಾಲೆ ಇವೆಲ್ಲ ಕಾಲಕ್ರಮದಲ್ಲಿ ಸೌತ್ ಕೆನ್ಸಿಂಗ್ಟನ್‌ನ ಪ್ರಭಾವಕ್ಕೆ ಒಳಗಾದವು. ಕರ್ನಾಟಕದಲ್ಲಿ ಇಂದಿಗೂ ನಡೆಯುವ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳು ಆ ಮೆಟ್ಟಿಲು ಪದ್ಧತಿಯ ವಂಶದವೇ.

ಹಾಗಾದರೆ ಇದು ಆಳಿದವರು ಹೇರಿದ ವಿದ್ಯೆ, ಕೈಬಿಟ್ಟರೆ ನಷ್ಟವೇನು ಎಂಬ ವಾದವಿದೆ. ಅದಕ್ಕೆ ಶ್ರೀರಂಗಪಟ್ಟಣದಲ್ಲೇ ಪುರಾವೆಯೂ ಸಿಗುತ್ತದೆ. 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಪಶ್ಚಿಮ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗದ ಚಿತ್ರವಿದೆ. ಕುದುರೆಗಳು ಸಾಲಿನ ಮೇಲೆ ಸಾಲು, ಹಿಂದಿನವು ಚಿಕ್ಕದಾಗುವುದಿಲ್ಲ. ನಡುವೆ ಚೌಕಾಕಾರದಲ್ಲಿ ಒತ್ತಿ ನಿಂತ ಇಂಗ್ಲಿಷ್ ಪಡೆ, ಪಲ್ಲಕ್ಕಿಯಲ್ಲಿ ಕರ್ನಲ್ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಎಲ್ಲವೂ ಒಟ್ಟಿಗೆ. ಹಲವು ಸಲ ಮರುಬಣ್ಣ ಕಂಡರೂ ಆ ಗೋಡೆಯ ವ್ಯವಸ್ಥೆ ಬದಲಾಗಿಲ್ಲ. ಇಡೀ ಕಾಳಗವನ್ನು ಎಲ್ಲ ಕಡೆಯಿಂದ ತೋರಿಸಲು ಈ ಕ್ರಮವೇ ಸರಿ. ಹೋಮನ ಒಂಟಿ ಕಣ್ಣಿಗೆ ಅದು ಸಾಧ್ಯವೇ ಇಲ್ಲ. ಆದರೆ ಈ ಪುರಾವೆ ಹೇಳುವುದು ಇಷ್ಟೇ: ಪರ್ಸ್‌ಪೆಕ್ಟಿವ್ ಒಂದೇ ಸತ್ಯವಲ್ಲ, ಒಂದು ಕಡೆ ನಿಂತವನಿಗೆ ಕಾಣುವುದನ್ನು ಬರೆಯುವ ಉಪಾಯ. ಉಪಾಯ ಎಂದಾದ ಮೇಲೆ ತಂದವರು ಯಾರಾದರೇನು, ಮಗುವಿಗೂ ಬೇಕು. ಬಡಗಿಗೂ ಇಂಜಿನಿಯರಿಗೂ ಬೇಕಾಗುವುದು ಹೇಗೂ ಇದೆ. ಗೋಡೆಚಿತ್ರ ಮತ್ತು ಹೋಮನ ನೋಟ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ, ಹಿಂದಿನವರಿಗೆ ಬರೆಯಲು ಬರುತ್ತಿರಲಿಲ್ಲ ಎಂಬ ತಪ್ಪು ಪಾಠವೂ ತಪ್ಪುತ್ತದೆ.

ಇನ್ನು ವಯಸ್ಸಿನ ಪ್ರಶ್ನೆ. ಮನಶ್ಶಾಸ್ತ್ರಜ್ಞರಾದ ಪಿಯಾಜೆ ಮತ್ತು ಇನ್ಹೆಲ್ಡರ್ 1948ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇರೆ ಜಾಗದಲ್ಲಿ ನಿಂತವರಿಗೆ ಅದೇ ವಸ್ತು ಬೇರೆಯಾಗಿ ಕಾಣುತ್ತದೆಂಬ ತಿಳಿವು ಮಕ್ಕಳಲ್ಲಿ ಒಂಬತ್ತು ಹತ್ತರ ಸುಮಾರಿಗೆ ಗಟ್ಟಿಯಾಗುತ್ತದೆ. ಈ ವಯಸ್ಸಿನ ಲೆಕ್ಕವನ್ನು ನಂತರದವರು ಪ್ರಶ್ನಿಸಿದ್ದಾರೆ, ನಿಜ. ಆದರೂ ಹನ್ನೊಂದು ಹನ್ನೆರಡರ ಮಕ್ಕಳಿಗೆ ಇದು ಎಟುಕದ ವಿಷಯವಲ್ಲ. ಎಟುಕದೆ ಇರುವುದು ನೋಟದಿಂದ ಕಿತ್ತು ಕೊಟ್ಟ ಚುಕ್ಕೆ. ನಲವತ್ತು ಐವತ್ತು ಮಕ್ಕಳ ತರಗತಿಯಲ್ಲಿ ನೋಡಿಸುವುದಕ್ಕೆ ಸಮಯವೆಲ್ಲಿ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಅದಕ್ಕೆ ಆಲ್ಬರ್ಟಿಯ ಬಟ್ಟೆಯ ಚೌಕಟ್ಟಿನ ಅಗ್ಗದ ರೂಪ ಸಾಕು: ಕಿಟಕಿಯ ಗಾಜು, ಒರೆಸಿದರೆ ಹೋಗುವ ಮಾರ್ಕರ್ ಪೆನ್ನು, ಮುಚ್ಚಿದ ಒಂದು ಕಣ್ಣು. ತಲೆ ಅಲುಗಿಸದೆ ಎದುರಿನ ಕಾರಿಡಾರಿನ ಸೂರಿನಂಚನ್ನೂ ನೆಲದಂಚನ್ನೂ ಗಾಜಿನ ಮೇಲೆ ತಿದ್ದಿ, ಆ ಗೆರೆಗಳನ್ನು ಮುಂದಕ್ಕೆ ಎಳೆದರೆ ಅವು ತಾವಾಗಿ ಒಂದೆಡೆ ಕೂಡುತ್ತವೆ. ಕೂಡುವ ಜಾಗ ತನ್ನ ಕಣ್ಣಿನ ಎತ್ತರಕ್ಕೇ ಇದೆಯೆಂದು ಮಗುವೇ ಕಂಡುಕೊಳ್ಳುತ್ತದೆ. ದಿಗಂತ ರೇಖೆಯನ್ನು ಸ್ಕೇಲಿನಿಂದ ಎಳೆಯುವ ಪಾಠ ಇದಾದ ಮೇಲೆ ಬಂದರೆ ಹತ್ತು ನಿಮಿಷದ ಕೆಲಸ.